ಸಣ್ಣ ಸಭೆಯ ಬೇಸ್ ಗಿಟಾರ್: ಕೇಳುವವರಿಗೆ, ಕೊಳ್ಳುವವರಿಗೆ

ಬೇಸ್ ಗಿಟಾರ್ ಕೇಳಲು ಕಲಿಯಬೇಕೆಂದರೆ ಮೊದಲು ಫೋನಿನ ಸ್ಪೀಕರ್ ಬಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳು ನಮ್ಮಲ್ಲಿ ಎಷ್ಟೋ ಜನರಿಗೆ ಬಾಯಿಪಾಠ. ಈ ಸಲ ಗಾಯಕರನ್ನೂ ಪಿಟೀಲುಗಳನ್ನೂ ಅವರ ಪಾಡಿಗೆ ಬಿಟ್ಟು, ಕೆಳಗೆ ಓಡಾಡುವ ದಪ್ಪ ದನಿಯೊಂದನ್ನೇ ಹಿಂಬಾಲಿಸಿ. ಈ ಹಾಡುಗಳ ಸಂಗೀತ ನಿರ್ದೇಶಕ ಇಳಯರಾಜಾ ಅದಕ್ಕೆ ಲಯ ಕಾಯುವ ಕೆಲಸದ ಜೊತೆಗೆ ಹಾಡುವ ಕೆಲಸವನ್ನೂ ಒಪ್ಪಿಸಿದ್ದಾರೆ. ಒಮ್ಮೆ ಆ ಜಾಡು ಸಿಕ್ಕಿತೆಂದರೆ ಕಿವಿ ಮತ್ತೆ ಬಿಡುವುದಿಲ್ಲ.

ಅದೇ ವಾದ್ಯ ಐವತ್ತು ಜನ ಕೂರುವ ಕೆಫೆಯಲ್ಲೋ ಪಬ್ಬಿನ ಪುಟ್ಟ ವೇದಿಕೆಯಲ್ಲೋ ಎಷ್ಟೋ ಸಲ ಬರೀ ಗುಂಯ್‌ಗುಡುವ ಸದ್ದಾಗಿಬಿಡುತ್ತದೆ. ಎದೆ ಅದುರುತ್ತದೆ, ಸ್ವರ ಯಾವುದೆಂದು ತಿಳಿಯುವುದಿಲ್ಲ. ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ದಪ್ಪದ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಸದ್ದಿನ ಒಂದು ಅಲೆ 8 ಮೀಟರಿಗೂ ಉದ್ದ. ಕೋಣೆಯೇ ಅಷ್ಟಿಲ್ಲದಿದ್ದಾಗ ಅಲೆಗಳು ಗೋಡೆಗೆ ಬಡಿದು ಹಿಂದಿರುಗಿ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಅಳಿಸಿಹೋಗುತ್ತವೆ. ಮೂಲೆಯಲ್ಲಂತೂ ತಳದ ಸದ್ದು ರಾಶಿ ಬೀಳುತ್ತದೆ. ಹಾಗಾಗಿ ಬೇಸ್ ಮಸುಕಾಗಿ ಕೇಳಿದರೆ ಕಲಾವಿದರನ್ನು ದೂರುವ ಮೊದಲು ನಾಲ್ಕು ಹೆಜ್ಜೆ ಸರಿದು ನಿಂತು ನೋಡಿ.

ಇನ್ನೊಂದು ಸಂಗತಿ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ತಂತಿ ಮೀಟಿದಾಗ 41ರ ಜೊತೆಗೆ 82, 123, 164 ಹೀಗೆ ಮೇಲಿನ ಕಂಪನಗಳೂ ಹುಟ್ಟುತ್ತವೆ. ತಂಬೂರಿಯ ಮಂದ್ರದಲ್ಲಿ ತಾನಾಗಿ ಮೂಡುವ ಗಾಂಧಾರವನ್ನು ಕೇಳಿದವರಿಗೆ ಇದು ಗೊತ್ತಿರುವ ವಿಷಯವೇ. ಸ್ಪೀಕರ್ ಸಣ್ಣದಾಗಿ ತಳದ 41 ಹೊರಗೆ ಬಾರದಿದ್ದರೂ, ಮೇಲಿನವನ್ನು ಹಿಡಿದೇ ಕಿವಿ ಆ ಮಂದ್ರಸ್ವರವನ್ನು ಕಟ್ಟಿಕೊಳ್ಳುತ್ತದೆ. ಸಣ್ಣ ಜಾಗಕ್ಕೆ ಸಾಮಗ್ರಿ ಆರಿಸುವವರು ನೆಚ್ಚಬೇಕಾದದ್ದು ಇದನ್ನೇ: ನಡುವಿನ ದನಿ ಸ್ಪಷ್ಟವಿರಲಿ, ತಳ ಅದರ ಹಿಂದೆ ಬರುತ್ತದೆ.

ಡೆಟ್ರಾಯಿಟ್‌ನ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಇದಕ್ಕೆ ದೊಡ್ಡ ಸಾಕ್ಷಿ. 1960ರ ದಶಕದ ಮೋಟೌನ್ ಕಂಪನಿಯ ಹಾಡುಗಳ ಜೀವ ಅವರ ಬಲಗೈ ತೋರುಬೆರಳಿನಲ್ಲಿತ್ತು. ಹೆಚ್ಚಾಗಿ ಅದೊಂದೇ ಬೆರಳಿನಿಂದ ಮೀಟುತ್ತಿದ್ದರು. ಕೈಯಲ್ಲಿ 1962ರ ಫೆಂಡರ್ ಪ್ರಿಸಿಷನ್ ಬೇಸ್, ಅದಕ್ಕೆ ನುಣುಪು ಮೈಯ ಫ್ಲಾಟ್‌ವೂಂಡ್ ತಂತಿಗಳು. ತಂತಿ ಬದಲಿಸುವ ಗೋಜಿಗೆ ಅವರು ಹೋಗುತ್ತಿರಲಿಲ್ಲ. ಕ್ಲಬ್ಬುಗಳಲ್ಲಿ ಜೊತೆಗಿದ್ದದ್ದು ಆಂಪೆಗ್ ಬಿ-15 ಆಂಪ್: 15 ಇಂಚಿನ ಒಂದೇ ಸ್ಪೀಕರ್, ಶಕ್ತಿ 25–30 ವಾಟ್‌ನಷ್ಟು. ಅವರನ್ನು ಕೇಳುವಾಗ ಸ್ವರ ಹುಟ್ಟುವ ಕಡೆಗಿಂತ ಅದು ನಿಲ್ಲುವ ಕಡೆ ಲಕ್ಷ್ಯವಿಡಿ. ಎಡಗೈ ಬೆರಳು ಸಡಿಲವಾದೊಡನೆ ಸ್ವರ ಅಡಗುತ್ತದೆ. ಆ ತೆರವಿನಲ್ಲಿ ಡ್ರಮ್ಮಿನ ಪೆಟ್ಟು ಬಂದು ಕೂರುತ್ತದೆ. ಒಳ್ಳೆಯ ಬೇಸ್ ವಾದಕರನ್ನು ಗುರುತಿಸಲು ಇದಕ್ಕಿಂತ ನಂಬಿಕಸ್ಥ ಗುರುತು ನನಗೆ ತಿಳಿದಿಲ್ಲ. ವೇಗವೆಲ್ಲ ಆಮೇಲಿನ ಮಾತು.

ಈಗ ಕೊಳ್ಳುವ ವಿಚಾರ. 1951ರಲ್ಲಿ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್‌ನ ಮಾದರಿಯೇ ಮೊದಲ ವಾದ್ಯಕ್ಕೆ ಸಾಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್, ನಡುದನಿ ಧಾರಾಳ. 1960ರಲ್ಲಿ ಬಂದ ಜಾಝ್ ಬೇಸ್ ಮಾದರಿಯಲ್ಲಿ ಎರಡು ಪಿಕಪ್ ಇರುತ್ತವೆ. ಎರಡನ್ನೂ ಪೂರ್ತಿ ತೆರೆದರೆ ಅಂಗಡಿಯಲ್ಲಿ ಒಬ್ಬರೇ ನುಡಿಸುವಾಗ ಬಲು ಇಂಪು, ತಂಡದ ನಡುವೆ ಅದೇ ದನಿ ಮುಳುಗುತ್ತದೆ. ಒಂದನ್ನು ತುಸು ಇಳಿಸಿದರೆ ನಡುದನಿ ಮೇಲೇಳುತ್ತದೆ. ಜೊತೆಗೆ ಕರೆಂಟಿನ ಗುಂಯ್‌ಕಾರವೂ ಏಳುತ್ತದೆ. ನಮ್ಮ ವಿದ್ಯುತ್ತಿನ 50 ಹರ್ಟ್ಸ್, ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರಕ್ಕೆ ತೀರ ಹತ್ತಿರ, ಅದು 49. ಹಾಡಿನ ಬಿಡುವುಗಳಲ್ಲಿ ಈ ಸದ್ದು ಹಿಂಸೆ ಕೊಡುತ್ತದೆ. ಇನ್ನು ಐದು ತಂತಿಯ ಬೇಸ್: ಐದನೇ ತಂತಿಯ ಬಿ ಸ್ವರ 31ರ ಆಸುಪಾಸಿಗಿಳಿಯುವುದರಿಂದ, ಸಣ್ಣ ಕೋಣೆಗೆಂದೇ ಕೊಳ್ಳುವವರು ಅದಕ್ಕೆ ಅವಸರಪಡಬೇಕಾಗಿಲ್ಲ.

ಆಂಪ್ ವಿಷಯದಲ್ಲಿ ವಾಟ್ ಸಂಖ್ಯೆಗೆ ಮರುಳಾಗುವವರೇ ಹೆಚ್ಚು. ವಾಟ್ ಇಮ್ಮಡಿಯಾದರೆ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಸದ್ದು ಎರಡರಷ್ಟು ಎನ್ನಿಸಲು ಹೆಚ್ಚುಕಡಿಮೆ ಹತ್ತರಷ್ಟು ಶಕ್ತಿ ಬೇಕು. ಆಂಪೆಗ್ 1969ರಲ್ಲಿ ತಂದ 300 ವಾಟ್‌ನ ಎಸ್.ವಿ.ಟಿ., ಅದರ ಎಂಟು ಸ್ಪೀಕರ್‌ಗಳ ಪೆಟ್ಟಿಗೆ ದೊಡ್ಡ ವೇದಿಕೆಗಳಿಗಾಗಿ ಹುಟ್ಟಿದವು. ಇಂದು 2 ಕಿಲೋ ಒಳಗಿನ ಕ್ಲಾಸ್-ಡಿ ಆಂಪ್‌ಗಳು 200 ವಾಟ್‌ಗೂ ಮೇಲೆ ಕೊಡುತ್ತವೆ. ಡ್ರಮ್ ಇರುವ ತಂಡಕ್ಕೆ ಅಂಥದ್ದೊಂದು, ಜೊತೆಗೆ 12 ಇಂಚಿನ ಒಂದು ಸ್ಪೀಕರ್‌ನ ಹಗುರ ಕ್ಯಾಬಿನೆಟ್ ಸಾಕು. 8 ಓಮ್‌ನದನ್ನೇ ತೆಗೆದುಕೊಂಡರೆ ಮುಂದೆ ಅಂಥದೇ ಇನ್ನೊಂದನ್ನು ಜೋಡಿಸಿ 4 ಓಮ್ ಮಾಡಿಕೊಳ್ಳಬಹುದು. ಹೊಸ ಆಂಪ್‌ಗಿಂತ ಹೊಸ ಕ್ಯಾಬಿನೆಟ್ ಹೆಚ್ಚು ಫಲ ಕೊಡುತ್ತದೆ. ಕ್ಯಾಬಿನೆಟ್ ನೆಲದ ಮೇಲಿದ್ದರೆ ನಡುದನಿ ಮೊಣಕಾಲಿಗೆ ತಾಗಿ ಕಿವಿಗೆ ಬರುವುದಿಲ್ಲ. ಗಟ್ಟಿ ಕುರ್ಚಿಯ ಮೇಲಿಡಿ. ಆಂಪ್‌ನಿಂದ ಕ್ಯಾಬಿನೆಟ್ಟಿಗೆ ಸ್ಪೀಕರ್ ಕೇಬಲ್ಲನ್ನೇ ಬಳಸಿ, ಗಿಟಾರ್ ಕೇಬಲ್ ಬೇಡ.

ಹಲವು ಜಾಗಗಳಲ್ಲಿ ಬೇಸ್ ಜನರನ್ನು ಮುಟ್ಟುವುದು ಮಿಕ್ಸರ್ ಮೂಲಕವೇ. ಅದಕ್ಕೆ ವಾದ್ಯದ ಸಂಕೇತವನ್ನು ಮಿಕ್ಸರ್‌ಗೆ ಹೊಂದಿಸಿ ಕಳಿಸುವ ಡಿ.ಐ. ಬಾಕ್ಸ್ ಬೇಕು, ಆಂಪ್‌ನಲ್ಲೇ ಆ ಔಟ್‌ಪುಟ್ ಇದ್ದರೂ ಬೇರೆಯದೊಂದು ಚೀಲದಲ್ಲಿರಲಿ. ಗುಂಯ್ ಎಂದರೆ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ. ಗೋಡೆಯ ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಎಂದೂ ತೆಗೆಯಬೇಡಿ, ಪ್ರಾಣಕ್ಕೇ ಸಂಚಕಾರ. ಆಕ್ಟಿವ್ ಬೇಸ್ ಆದರೆ 9 ವೋಲ್ಟ್ ಬ್ಯಾಟರಿ ಇನ್ನೊಂದು ಇಟ್ಟುಕೊಳ್ಳಿ, ಬಿಡುವಿನಲ್ಲಿ ಕೇಬಲ್ ಕಳಚಿಡಿ. ಸಿಕ್ಕಿಸಿದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ.

ಕಾರ್ಯಕ್ರಮಕ್ಕೆ ಮುಂಚೆ ಉದ್ದನೆಯ ಕೇಬಲ್ ಹಾಕಿಕೊಂಡು ಜನ ಕೂರುವ ಕಡೆಗೆ ನಡೆದು ಹೋಗಿ ನುಡಿಸಿ ಕೇಳಿ. ಸ್ವರಗಳು ಬಿಡಿಬಿಡಿಯಾಗಿ ಕೇಳುವವರೆಗೆ ಆಂಪ್‌ನ ಬೇಸ್ ನಾಬ್ ಇಳಿಸಿ. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆಗಳು ಮೇಲಿನ ದನಿಗಳನ್ನು ಹೀರಿಕೊಳ್ಳುತ್ತವೆ, ತಳ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಖಾಲಿ ಕೋಣೆಯಲ್ಲಿ ಸರಿ ಎನಿಸಿದ್ದಕ್ಕಿಂತ ಆ ನಾಬನ್ನು ಇನ್ನೂ ಒಂದು ಕೂದಲೆಳೆ ಕೆಳಗೇ ಇಟ್ಟಿರಿ.