ಕರಪತ್ರದ ಕೊನೆಯ ಸಾಲು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಒಳಗಿರುವುದು ಬಿಸ್ಕತ್ತೂ ಅಲ್ಲ, ಒಡವೆಯೂ ಅಲ್ಲ. ಯಕ್ಷಗಾನ ಮೇಳಗಳ ಕರಪತ್ರಗಳು. ಗುಲಾಬಿ, ಹಳದಿ, ಹಸಿರು ಬಣ್ಣದ ತೆಳುಕಾಗದಗಳು. ದೋಣಿಗಲ್ಲಿನ ಮಳೆಯನ್ನು ಕಂಡವರಿಗೆ ಗೊತ್ತು, ಜೂನಿನಲ್ಲಿ ಹಿಡಿದರೆ ಚಪ್ಪಲಿಗೂ ಬೂಷ್ಟು, ಚಾಪೆಗೂ ಬೂಷ್ಟು. ಅಂಥ ಕಡೆ ಈ ಕಾಗದಗಳು ಇಷ್ಟು ವರ್ಷ ಉಳಿದಿರುವುದಕ್ಕೆ ನನ್ನ ಅತ್ತೆಯೇ ಕಾರಣ. ಪ್ರತಿ ಮಳೆಗಾಲ ಮುಗಿದ ಮೇಲೆ ಅವನ್ನು ಕಾಫಿ ಒಣಗಿಸುವ ಕಣದಲ್ಲಿ ಹರಡಿ, ಮೇಲೆ ಕಲ್ಲಿಟ್ಟು, ಬಿಸಿಲು ಕಾಯಿಸುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ.

ನನ್ನ ತವರು ಕೋಟದ ಹತ್ತಿರ. ಅಪ್ಪ ಸಕಲೇಶಪುರದ ಒಂದು ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದುದರಿಂದ ಘಟ್ಟದ ಮೇಲಿನ ಈ ಸಂಬಂಧ ಕೂಡಿಬಂತು. ಮದುವೆಯಾಗಿ ಬಂದಾಗ ನನಗೆ ಅತಿ ಹೆಚ್ಚು ಬೇಸರ ತಂದದ್ದು ಚಳಿಯಲ್ಲ, ಜಿಗಣೆಯಲ್ಲ, ರಾತ್ರಿ ಚೆಂಡೆಯ ಸದ್ದು ಕೇಳದಿದ್ದದ್ದು. ಅತ್ತೆ ಆಲೂರು ಕಡೆಯವರು. ಅವರು ಕಂಡದ್ದು ಮೂಡಲಪಾಯ. ‘ನಿಮ್ಮ ಪಡುವಲದವರ ಆಟದಲ್ಲಿ ಗಂಡಸರು ಅಷ್ಟೊಂದು ನಾಜೂಕಾಗಿ ಹೆಂಗಸರಾಗ್ತಾರಂತಲ್ಲೆ?’ ಎಂದು ಕೇಳಿದ್ದರು. ಕಾಫಿ ಹಣ್ಣಿನ ಕೊಯ್ಲಿನ ಕಾಲಕ್ಕೆ, ಕೂಲಿಯವರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ, ಸಕಲೇಶಪುರದ ಬಯಲಿನಲ್ಲಿ ಡೇರೆ ಎದ್ದಿತು. ಎಸ್ಟೇಟಿನ ಜೀಪಿನಲ್ಲಿ ಅತ್ತೆಯನ್ನು ಕರೆದುಕೊಂಡು ಹೋದೆ. ಅಂದಿನಿಂದ ನನಗಿಂತ ಹೆಚ್ಚಿನ ಹುಚ್ಚು ಅವರಿಗೇ ಹಿಡಿಯಿತು.

ಆಟ ನೋಡುವುದು ಬೇರೆ, ಕಲಾವಿದರನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸುವುದು ಬೇರೆ. ರಷ್ಯಾ, ಫ್ರಾನ್ಸುಗಳ ದೊಡ್ಡ ಬ್ಯಾಲೆ ತಂಡಗಳ ಅಭಿಮಾನಿಗಳು ಯಾವ ನರ್ತಕಿ ಗುಂಪಿನಿಂದ ಮುಂದೆ ಬಂದಳು, ಈ ವರ್ಷ ಹಂಸರಾಣಿಯ ಪಾತ್ರ ಯಾರಿಗೆ ಸಿಕ್ಕಿತು, ಯಾರ ಕೈತಪ್ಪಿತು ಎಂದು ಲೆಕ್ಕ ಇಡುತ್ತಾರಂತೆ. ನಮ್ಮಲ್ಲಿ ಆ ಲೆಕ್ಕ ಇಡದ ಮನೆ ಕರಾವಳಿಯಲ್ಲಿ ಅಪರೂಪ. ಮೇ ಕೊನೆಯ ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚಿದರೆ ಸುದ್ದಿ ಶುರು: ಇಂಥವರು ಮೇಳ ಬಿಟ್ಟರಂತೆ, ಇಂಥವರನ್ನು ಆ ಮೇಳದವರು ಕರೆದರಂತೆ. ಹೊಸ ತಿರುಗಾಟ ಹೊರಡುವ ಹೊತ್ತಿಗೆ ‘ಉದಯವಾಣಿ’ಯ ಜಾಹೀರಾತಿನಲ್ಲಿ ಹೆಸರುಗಳ ಸಾಲು. ಮೇಳದ ಏಣಿಯೂ ಬ್ಯಾಲೆಯ ಏಣಿಯಂತೆಯೇ. ಹುಡುಗ ಕೋಡಂಗಿಯಾಗಿ ಹೆಜ್ಜೆ ಹಾಕಬೇಕು, ಬಾಲಗೋಪಾಲನಾಗಬೇಕು, ಪೀಠಿಕೆ ಸ್ತ್ರೀವೇಷ ಮಾಡಬೇಕು. ಆಮೇಲೆ ಅವನ ಮೈಕಟ್ಟು, ಕಂಠ, ಮಾತು ನೋಡಿ ದಾರಿ ಕವಲೊಡೆಯುತ್ತದೆ. ಒಬ್ಬ ಪುಂಡುವೇಷಕ್ಕೆ, ಇನ್ನೊಬ್ಬ ಬಣ್ಣಕ್ಕೆ, ಮತ್ತೊಬ್ಬ ಮುಖ್ಯ ಸ್ತ್ರೀವೇಷಕ್ಕೆ. ಎರಡನೇ ವೇಷದ ಗದ್ದುಗೆ ಏರುವವರು ಬೆರಳೆಣಿಕೆಯವರು.

ಆ ಗದ್ದುಗೆಯ ಅರಸ ಎಂದರೆ ನನ್ನ ಕಾಲದವರಿಗೆ ಚಿಟ್ಟಾಣಿ ರಾಮಚಂದ್ರ ಹೆಗಡೆ. ಭಸ್ಮಾಸುರ, ದುಷ್ಟಬುದ್ಧಿ, ಕೀಚಕ ಇವು ಅವರ ಹೆಸರಿಗೇ ಅಂಟಿಕೊಂಡ ಪಾತ್ರಗಳು. 2012ರಲ್ಲಿ ಪದ್ಮಶ್ರೀ ಬಂತು. 2017ರ ಅಕ್ಟೋಬರಿನಲ್ಲಿ, ಎಂಬತ್ತು ದಾಟಿದ ಮೇಲೆ ತೀರಿಕೊಂಡರು. ಆ ವಯಸ್ಸಿನಲ್ಲೂ ಗೆಜ್ಜೆ ಬಿಟ್ಟಿರಲಿಲ್ಲ. ತವರಿಗೆ ಹೋದಾಗ ಅವರ ಕೀಚಕನನ್ನು ಎರಡು ಬೇರೆ ಬೇರೆ ವರ್ಷ ನೋಡಿದ್ದೇನೆ. ಮೊದಲ ಸಲ ಕೀಚಕ ಸೈರಂಧ್ರಿಯನ್ನು ಕಂಡು ಮೈಮರೆತು ಕುಣಿದಾಗ ಡೇರೆಗೆ ಡೇರೆಯೇ ಶಿಳ್ಳೆ ಹೊಡೆಯಿತು. ಎರಡನೇ ಸಲ ಅದೇ ಕುಣಿತ, ಅದೇ ಕಣ್ಣು. ಆದರೆ ನನ್ನ ಎದೆ ನಡುಗಿತು. ವ್ಯತ್ಯಾಸ ಇದ್ದದ್ದು ಎದುರಿನ ಸ್ತ್ರೀವೇಷದಲ್ಲಿ. ಮೊದಲಿನ ಸೈರಂಧ್ರಿ ಅವರ ಕುಣಿತ ಮುಗಿಯಲಿ ಎಂದು ಚೆಲುವಾಗಿ ನಿಂತಿದ್ದಳು. ಎರಡನೆಯವಳು ನಿಂತಲ್ಲೇ ಬಾಗಿಲು ಎಲ್ಲಿದೆ ಎಂದು ಹುಡುಕುತ್ತಿದ್ದಳು. ಬರೀ ಕತ್ತು, ಕಣ್ಣು ಅಷ್ಟರಲ್ಲೇ. ಕೀಚಕನ ಕುಣಿತ ಶೃಂಗಾರವೋ ದೌರ್ಜನ್ಯವೋ ಎಂದು ತೀರ್ಮಾನಿಸುವುದು ಕೀಚಕನಲ್ಲ, ಅವನ ಎದುರು ನಿಂತವಳು. ಪತ್ರಿಕೆಯ ವಿಮರ್ಶೆಗಳಲ್ಲಿ ಮಾತ್ರ ನಾನು ಓದಿದ್ದು ಕೀಚಕನ ಬಗ್ಗೆಯೇ. ಸೈರಂಧ್ರಿಗೆ ‘ಉತ್ತಮವಾಗಿ ಸಹಕರಿಸಿದರು’ ಎಂಬ ಅರ್ಧ ಸಾಲು.

ಸ್ತ್ರೀವೇಷದ ಕಷ್ಟ ಬೇರೆಯೇ. ಅರಸನಿಗೆ ಕಿರೀಟ, ಭುಜಕೀರ್ತಿ, ಎದೆಕಟ್ಟು ಇವೆಲ್ಲ ಅರ್ಧ ಕೆಲಸ ಮಾಡಿಕೊಡುತ್ತವೆ. ಸ್ತ್ರೀವೇಷಕ್ಕೆ ಒಂದು ಸೀರೆ, ಮುಡಿ, ನಾಲ್ಕು ಆಭರಣ. ಉಳಿದದ್ದೆಲ್ಲ ಮೈಯಲ್ಲೇ ಹುಟ್ಟಬೇಕು. ಅದನ್ನು ಹುಟ್ಟಿಸಿದ ದೊಡ್ಡವರು ನಮ್ಮಲ್ಲಿದ್ದಾರೆ. ತೆಂಕಿನ ಕೋಳ್ಯೂರು ರಾಮಚಂದ್ರ ರಾಯರ ದಮಯಂತಿ, ಚಂದ್ರಮತಿಯರನ್ನು ಕಂಡ ನನ್ನ ಚಿಕ್ಕಮ್ಮ ತಲೆಯ ಮೇಲೆ ಸೆರಗು ಹೊದೆಯುವ ರೀತಿಯನ್ನೇ ಬದಲಾಯಿಸಿಕೊಂಡಿದ್ದಳು. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಗಣೇಶರ ಜತೆ ಸೇರಿ, ‘ಭಾಮಿನಿ’ಯಂಥ ಏಕವ್ಯಕ್ತಿ ಪ್ರಯೋಗಗಳಲ್ಲಿ ಸ್ತ್ರೀವೇಷವೊಂದೇ ಇಡೀ ರಂಗವನ್ನು ತುಂಬಬಲ್ಲದು ಎಂದು ತೋರಿಸಿದರು. ಆದರೆ ಮೇಳದ ಸಾಮಾನ್ಯ ಸ್ತ್ರೀವೇಷಧಾರಿಯ ಆಯುಷ್ಯ ಕಡಿಮೆ. ಕೆನ್ನೆ ಇಳಿಯಿತೋ, ದನಿ ಒಡೆಯಿತೋ, ಹೊಸ ಹುಡುಗ ಬಂದ. ಅರಸನ ಪಾತ್ರದವರು ಮುಪ್ಪಿನಲ್ಲೂ ಅರಸರೇ. ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷದಲ್ಲಿದ್ದಾಗಲೇ ರಂಗದಲ್ಲಿ ಅಸ್ವಸ್ಥರಾಗಿ ಕೊನೆಯುಸಿರೆಳೆದರು, ಅವರಿಗಾಗ ಎಪ್ಪತ್ತು. ಎಪ್ಪತ್ತರ ರಾಮನನ್ನು ನಾವು ಕೈಮುಗಿದು ನೋಡುತ್ತೇವೆ. ಎಪ್ಪತ್ತರ ಸೀತೆಯನ್ನು ಯಾವ ಡೇರೆ ಒಪ್ಪೀತು?

ಇನ್ನೊಂದು ಮಾತು. ಎಂಬತ್ತರ ದಶಕದಲ್ಲಿ ಹೊಸ ಪ್ರಸಂಗಗಳ ಅಲೆ ಎದ್ದಿತು. ಕಾಳಿಂಗ ನಾವಡರ ‘ನಾಗಶ್ರೀ’ ಆ ಕಾಲದ ಮನೆಮಾತು. ನಾವಡರ ಕಂಠಕ್ಕೆ ಮನಸೋಲದ ಹೆಂಗಸನ್ನು ನಾನು ಕಂಡಿಲ್ಲ. 1990ರ ಮೇ ತಿಂಗಳಲ್ಲಿ ಅವರು ರಸ್ತೆ ಅಪಘಾತದಲ್ಲಿ ಹೋದ ಸುದ್ದಿ ಬಂದ ದಿನ ನಮ್ಮಮ್ಮ ಊಟ ಬಿಟ್ಟಿದ್ದಳು. ಆಗಿನ್ನೂ ಅವರಿಗೆ ಮೂವತ್ತರ ಆಸುಪಾಸಿನ ಪ್ರಾಯ. ಆದರೆ ಅವರ ಯಶಸ್ಸಿನ ಬೆನ್ನು ಹತ್ತಿ ಬಂದ ಎಷ್ಟೋ ಪ್ರಸಂಗಗಳು ಇಂಥ ಕಲಾವಿದನಿಗೆ ಇಂಥ ಪಾತ್ರ ಎಂದು ಅಳತೆ ತೆಗೆದು ಹೊಲಿದ ರವಿಕೆಗಳು. ಒಬ್ಬರಿಗೆ ಸರಿಹೊಂದಿದ್ದು ಇನ್ನೊಬ್ಬರಿಗೆ ಆಗದು. ಕೀಚಕವಧೆ ಹಾಗಲ್ಲ, ಅದು ಸೀರೆ. ಅಜ್ಜಿ ಉಟ್ಟದ್ದನ್ನು ಮೊಮ್ಮಗಳೂ ಉಡಬಹುದು. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆ ಇದಕ್ಕೆ ಇನ್ನೊಂದು ತುದಿ. ಅವರು ಮಾತನ್ನೇ ತೆಗೆದು, ಇಡೀ ರಾತ್ರಿಯ ಆಟವನ್ನು ಎರಡು ಮೂರು ತಾಸಿಗೆ ಇಳಿಸಿ, ಎಲ್ಲರನ್ನೂ ಒಂದೇ ಹೆಣಿಗೆಯಲ್ಲಿ ಕೂರಿಸಿದರು. ಅಂದವಾಗಿತ್ತು. ಆದರೆ ಅರ್ಥಗಾರಿಕೆಯೇ ಇಲ್ಲದಿದ್ದರೆ, ಹಳೆಯ ಪಾತ್ರದಿಂದ ಹೊಸ ಪಾತ್ರಕ್ಕೆ ಬಂದ ಕಲಾವಿದ ಏನನ್ನು ಹೊತ್ತು ತಂದ ಎಂದು ತಿಳಿಯುವ ಒಂದು ದಾರಿ ಮುಚ್ಚಿಹೋಗುತ್ತದೆ.

ಹಾಗೆ ಹೊತ್ತು ತಂದವನೊಬ್ಬನ ಕಥೆ ಹೇಳಬೇಕು. ಹೆಸರು ಬೇಡ. ನಾವು ಮೊದಲು ಕಂಡಾಗ ಅವನು ಪೀಠಿಕೆ ಸ್ತ್ರೀವೇಷದ ಹುಡುಗ. ‘ಈ ಹುಡುಗ ಮುಂದೆ ಬರ್ತಾನೆ ನೋಡು, ಕಾಲಿಗಿಂತ ಮೊದಲು ಕಣ್ಣು ಹೆಜ್ಜೆ ಇಡುತ್ತೆ’ ಎಂದರು ಅತ್ತೆ. ನಾಲ್ಕೈದು ತಿರುಗಾಟದಲ್ಲಿ ಅವನ ಹೆಸರು ಕರಪತ್ರದ ನಡುವಿನ ಸಾಲಿಗೆ ಬಂತು. ಆಮೇಲೆ ಹಲವು ವರ್ಷ ಅವನೇ ಸೈರಂಧ್ರಿ, ಅವನೇ ಪ್ರಭಾವತಿ, ಅವನೇ ಅಂಬೆ. ಅವನು ಮೇಳ ಬದಲಾಯಿಸಿದರೆ ಅತ್ತೆಯೂ ಮೇಳ ಬದಲಾಯಿಸುತ್ತಿದ್ದರು. 1993ರ ತಿರುಗಾಟದಲ್ಲಿ ಕೀಚಕವಧೆಯ ಕರಪತ್ರ ಬಂದಾಗ ನಾನು ಓದಿ ಹೇಳಿದೆ: ಸೈರಂಧ್ರಿ ಬೇರೆಯವರು. ಅವನ ಹೆಸರು ಎಲ್ಲೂ ಇಲ್ಲ. ‘ಬಿಟ್ಟುಬಿಟ್ರಾ ಪಾಪ’ ಎಂದು ಅತ್ತೆ ಪೇಚಾಡಿಕೊಂಡರು. ಆದರೂ ಹೋದೆವು.

ಇಲ್ಲಿ ನಮ್ಮ ಮನೆಯ ಒಂದು ವಿಷಯ ಹೇಳದೆ ವಿಧಿಯಿಲ್ಲ. ಆ ವರ್ಷ ದೀಪಾವಳಿಗೆ ಬಂದ ನನ್ನ ನಾದಿನಿ ಗಂಡನ ಮನೆಗೆ ಹಿಂದಿರುಗಲು ಒಲ್ಲೆ ಎಂದಿದ್ದಳು. ಮುಂಗೈಯಲ್ಲಿ ಗುರುತಿತ್ತು. ಬಳೆ ಸರಿಸಿ ನನಗೊಬ್ಬಳಿಗೇ ತೋರಿಸಿದ್ದಳು. ಅತ್ತೆ ಕೇಳಲಿಲ್ಲ, ಆದರೆ ಕಂಡಿದ್ದರು. ‘ಗಂಡ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಹೊರಡು’ ಎಂದು ಕಾಫಿಪುಡಿ, ಕಾಳುಮೆಣಸು ತುಂಬಿದ ಚೀಲ ಕೊಟ್ಟರು. ಆ ಚೀಲ ಹೊತ್ತು ಹೆದ್ದಾರಿಯ ತನಕ ಹೋಗಿ ಅವಳನ್ನು ಬಸ್ಸು ಹತ್ತಿಸಿದವಳು ನಾನು.

ಡೇರೆಯಲ್ಲಿ ಅವತ್ತು ನಡುರಾತ್ರಿ ದಾಟಿದ ಮೇಲೆ ಸುದೇಷ್ಣೆ ರಂಗಕ್ಕೆ ಬಂದಳು. ನೋಡಿದರೆ ಅವನೇ. ಕಥೆ ನಿಮಗೆ ಗೊತ್ತೇ ಇದೆ. ಸುದೇಷ್ಣೆ ವಿರಾಟನ ರಾಣಿ, ಕೀಚಕನ ಅಕ್ಕ. ತಮ್ಮನ ಬಲಕ್ಕೆ ಹೆದರಿಯೋ, ಅವನ ಮೇಲಿನ ಮಮತೆಗೋ, ಮದ್ಯ ತರುವ ನೆಪ ಹೇಳಿ ಸೈರಂಧ್ರಿಯನ್ನು ಅವನ ಮನೆಗೆ ಕಳಿಸುತ್ತಾಳೆ. ಸಾಮಾನ್ಯವಾಗಿ ಇದು ಬೇಗ ಮುಗಿಸಿಬಿಡುವ ಭಾಗ. ಜನ ಎದ್ದು ಚಹಾ ಕುಡಿಯಲು ಹೋಗುವ ಹೊತ್ತು. ಅವನು ಬೇಗ ಮುಗಿಸಲಿಲ್ಲ. ಪಾತ್ರೆಯನ್ನು ಚಾಚಿ ಹಿಡಿದ, ಮುಖ ಮಾತ್ರ ಅತ್ತ ತಿರುಗಿತ್ತು. ಸೈರಂಧ್ರಿ ‘ನನ್ನನ್ನೇ ಕಳಿಸಬೇಕೇ ತಾಯಿ’ ಎಂದು ಕೇಳಿದಾಗ ಸುದೇಷ್ಣೆ ಉತ್ತರ ಕೊಡಲಿಲ್ಲ. ಮಾತಿನ ಕಲೆ ಎನ್ನುವ ಯಕ್ಷಗಾನದಲ್ಲಿ ಉತ್ತರ ಕೊಡದೆ ನಿಲ್ಲಲು ಎಷ್ಟು ಧೈರ್ಯ ಬೇಕು ಯೋಚಿಸಿ. ಪಾತ್ರೆ ಕೈಬಿಟ್ಟ ಮೇಲೂ ಆ ಕೈ ಗಾಳಿಯಲ್ಲೇ ಇತ್ತು. ಆಮೇಲೆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಅತ್ತೆ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ್ದರು.

ಮುಂಜಾನೆಯ ಬಸ್ಸಿನಲ್ಲಿ, ಮಂಜಿನಲ್ಲಿ, ಒಂದು ಮಾತಿಲ್ಲ. ಮನೆಗೆ ಬಂದು ಒಲೆ ಹಚ್ಚುವಾಗ ಹೇಳಿದರು: ‘ಅವಳಿಗೆ ಗೊತ್ತಿತ್ತು ಕಣೆ.’

‘ಯಾರಿಗೆ ಅತ್ತೆ?’

‘ಆ ರಾಣಿಗೆ. ಗೊತ್ತಿದ್ದೇ ಕಳಿಸಿದ್ಲು.’

ಎರಡು ದಿನ ಕಳೆದ ಮೇಲೆ ನನ್ನ ಯಜಮಾನರನ್ನು ಕರೆದು, ‘ಹೋಗಿ ತಂಗಿಯನ್ನು ಕರ್ಕೊಂಡು ಬಾ. ಅವರು ಏನಾದ್ರೂ ಅಂದ್ರೆ ನಾನು ಹೇಳಿದೆ ಅನ್ನು’ ಎಂದರು. ಅವಳು ಬಂದಳು. ಮತ್ತೆ ಹೋಗಲಿಲ್ಲ.

ಆಟ ನೋಡಿದರೆ ಸಂಸಾರಗಳು ಸರಿಹೋಗುತ್ತವೆ ಎಂದು ನಾನು ಸಾರುತ್ತಿದ್ದೇನೆ ಎಂದುಕೊಳ್ಳಬೇಡಿ. ಅದೇ ಡೇರೆಯಲ್ಲಿ ನೂರಾರು ಜನ ಕೂತಿದ್ದರು, ಎಷ್ಟೋ ಜನ ಚಹಾ ಕುಡಿಯಲು ಹೋಗಿದ್ದರು. ನಾನು ಹೇಳುವುದು ಕಲೆಯ ಮಾತು. ಆ ಸುದೇಷ್ಣೆ ಹಾಗೆ ಮೂಡಿದ್ದು ಹೇಗೆ? ಆ ಪಾತ್ರೆಯನ್ನು ಅವನು ಎಷ್ಟೋ ವರ್ಷ ಸೈರಂಧ್ರಿಯಾಗಿ ಈಚೆಯಿಂದ ಇಸಿದುಕೊಂಡಿದ್ದ. ತೆಗೆದುಕೊಳ್ಳುವ ಕೈಯ ನಡುಕ ಗೊತ್ತಿದ್ದವನಿಗೆ ಕೊಡುವ ಕೈಯ ಪಾಪವೂ ಗೊತ್ತಾಯಿತು. ಅಂದು ಮೊದಲ ಬಾರಿಗೆ ಮೇಳ ನೋಡಿದವರಿಗೆ ಅವನು ಒಬ್ಬ ಚಿಕ್ಕ ಪಾತ್ರಧಾರಿ. ಇಷ್ಟು ವರ್ಷ ಹಿಂಬಾಲಿಸಿದ ನಮಗೆ ಅವನೊಳಗೆ ಹಳೆಯ ಸೈರಂಧ್ರಿಯೂ ಕಾಣುತ್ತಿದ್ದಳು. ಮುಖ್ಯ ಪಾತ್ರ ತಪ್ಪಿದ್ದನ್ನು ನಾವು ಇಳಿಕೆ ಎನ್ನುತ್ತೇವೆ. ಮೇಳದ ಲೆಕ್ಕದಲ್ಲಿ ಅದು ಇಳಿಕೆಯೇ. ರಂಗದ ಲೆಕ್ಕದಲ್ಲಿ ನಾನು ಒಪ್ಪುವುದಿಲ್ಲ. ಮುಪ್ಪಾದ ಸ್ತ್ರೀವೇಷಧಾರಿಗಳಿಗೆ ಕುಂತಿ, ಗಾಂಧಾರಿ, ಸುದೇಷ್ಣೆಯರನ್ನು ಬೆಳೆಸುವಷ್ಟು ಹೊತ್ತನ್ನು ಮೇಳಗಳು ಕೊಟ್ಟಿದ್ದರೆ ನಮ್ಮ ಪ್ರಸಂಗಗಳ ಅರ್ಧ ಹೆಂಗಸರು ಹೀಗೆ ಮೂಕರಾಗಿ ಉಳಿಯುತ್ತಿರಲಿಲ್ಲ.

ಈಗ ಹೆಂಗಸರೇ ವೇಷ ಕಟ್ಟುತ್ತಾರೆ. ಲೀಲಾವತಿ ಬೈಪಾಡಿತ್ತಾಯರು ಗಂಡಸರ ಮೇಳಗಳಲ್ಲಿ ಭಾಗವತರಾಗಿ ವರ್ಷಗಟ್ಟಲೆ ತಿರುಗಾಟ ಮಾಡಿ ದಾರಿ ತೆರೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ‘ಸ್ತ್ರೀವೇಷ ಗಂಡಸರೇ ಮಾಡಿದರೆ ಚೆಂದ’ ಎಂದು ವಾದಿಸುತ್ತಿದ್ದ ನಾನೂ ಈಗ ಬಾಯಿ ಮುಚ್ಚಿಕೊಂಡಿದ್ದೇನೆ. ನನ್ನ ಆಸೆ ಒಂದೇ, ಆ ಹುಡುಗಿಯರು ಬರೀ ಬಭ್ರುವಾಹನ, ಅಭಿಮನ್ಯುಗಳ ಹಿಂದೆ ಬೀಳದೆ ಸುದೇಷ್ಣೆಯನ್ನೂ ಕೇಳಿ ಪಡೆಯಲಿ.

ಅತ್ತೆ ಹೋಗಿ ಬಹಳ ವರ್ಷವಾಯಿತು. ಡೇರೆ ಏಳುತ್ತಿದ್ದ ಬಯಲಿನಲ್ಲಿ ಅಂಗಡಿಗಳು ಬಂದಿವೆ. ನಾದಿನಿ ನಮ್ಮ ಜತೆಯಲ್ಲೇ ಇದ್ದಾಳೆ, ಈಗ ಕರಪತ್ರಗಳನ್ನು ಬಿಸಿಲಿಗೆ ಹಾಕುವವಳು ಅವಳೇ. ಹೋದ ವರ್ಷ ಕಣದಲ್ಲಿ ಕೂತು ಕೇಳಿದಳು, ‘ಅತ್ತಿಗೆ, ಅವತ್ತು ಅಮ್ಮ ನೋಡಿದ ಆಟದ್ದು ಯಾವುದು?’ ಹಳದಿ ಕಾಗದ ಹುಡುಕಿ ಕೊಟ್ಟೆ. ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನ ತನಕ ಓದಿದಳು. ಕೀಚಕನ ಹೆಸರಿತ್ತು, ವಲಲನದಿತ್ತು, ಸೈರಂಧ್ರಿಯದಿತ್ತು, ಹಾಸ್ಯಗಾರನದೂ ಇತ್ತು. ‘ಸುದೇಷ್ಣೆ ಯಾರು ಅಂತಲೇ ಹಾಕಿಲ್ಲವಲ್ಲ’ ಎಂದಳು.

ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಿದೆ: ‘ಹಾಗೂ ಮೇಳದ ಇತರ ಕಲಾವಿದರು.’