ವಾಗ್ಗೇಯಕಾರ ನಿಕ್ ಡ್ರೇಕನೂ ಅವನ ಅಭಿಮಾನಿಗಳೂ

ಮಾತನ್ನೂ ಮಟ್ಟನ್ನೂ ತಾನೇ ರಚಿಸುವವನಿಗೆ ಭಾರತೀಯ ಸಂಗೀತಶಾಸ್ತ್ರವು ವಾಗ್ಗೇಯಕಾರನೆಂಬ ಹೆಸರನ್ನು ಕೊಟ್ಟಿದೆ. ಶಾರ್ಙ್ಗದೇವನ ‘ಸಂಗೀತರತ್ನಾಕರ’ವು ಅಂಥವನ ಲಕ್ಷಣಗಳನ್ನು ಎಣಿಸಿ, ಉತ್ತಮ, ಮಧ್ಯಮ, ಅಧಮರೆಂಬ ಭೇದಗಳನ್ನೂ ಹೇಳುತ್ತದೆ. ಆದರೆ ಹಾಡು ಹುಟ್ಟುವುದು ವಾಗ್ಗೇಯಕಾರನಿಂದಾದರೂ ಅದು ಬಾಳುವುದು ಕೇಳುಗರಿಂದ. ಪುರಂದರದಾಸರ ಕೀರ್ತನೆಗಳು ಭಜನೆಯ ಮೇಳಗಳಲ್ಲಿಯೂ ಹೆಂಗಸರ ಬಾಯಲ್ಲಿಯೂ ಉಳಿದುಬಂದುವು. ಅವರು ಹಾಡಿದ ಮೂಲ ಮಟ್ಟುಗಳು ಮಾತ್ರ ಬಹುಮಟ್ಟಿಗೆ ಅಳಿದುಹೋದುವು. ಯಂತ್ರಯುಗದ ವಾಗ್ಗೇಯಕಾರನಿಗೆ ಈ ಭಯವಿಲ್ಲ. ಅವನ ಉಸಿರಿನ ಎಳೆಯೂ ಧ್ವನಿಮುದ್ರಿಕೆಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಅವನ ಭಯವೇ ಬೇರೆ: ಎಲ್ಲವೂ ಉಳಿದಿದ್ದು ಕೇಳುವವರೇ ಇಲ್ಲದಿರುವುದು. ಇಂಗ್ಲೆಂಡಿನ ನಿಕ್ ಡ್ರೇಕನ (1948–1974) ಮೂರು ಗೀತಸಂಪುಟಗಳಿಗೆ ಒದಗಿದ ಗತಿಯು ಇಂಥದು. ಅವುಗಳನ್ನು ಮರವೆಯಿಂದ ಮೇಲೆತ್ತಿದ ಕೀರ್ತಿಯು ಅಭಿಮಾನಿಗಳಿಗೆ ಸಲ್ಲತಕ್ಕದ್ದು. ಆದರೆ ಎತ್ತಿದ ಕೈಯೇ ಅವುಗಳ ಮೇಲೆ ಒಂದು ತೆರೆಯನ್ನೂ ಎಳೆದಿದೆ ಎಂಬುದು ವಿಚಾರಾರ್ಹವಾದ ಸಂಗತಿ.

ಡ್ರೇಕನು ಹುಟ್ಟಿದ್ದು ರಂಗೂನಿನಲ್ಲಿ. ತಂದೆ ರಾಡ್ನಿ ಡ್ರೇಕ್ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿನ ಎಂಜಿನಿಯರ್. ತಾಯಿ ಮಾಲಿ, ಜಪಾನೀಯರು ಬರ್ಮಾದ ಮೇಲೆ ದಂಡೆತ್ತಿ ಬಂದಾಗ ದಿಲ್ಲಿಗೆ ಬಂದು ಸೇರಿ, ಸೋದರಿ ನ್ಯಾನ್ಸಿಯೊಡನೆ ಆಲ್ ಇಂಡಿಯಾ ರೇಡಿಯೋದಲ್ಲಿ ಹಾಡಿದವಳು. ಮುಂದೆ ಕುಟುಂಬವು ಇಂಗ್ಲೆಂಡಿಗೆ ಮರಳಿ ವಾರಿಕ್‌ಷೈರಿನ ಟ್ಯಾನ್‌ವರ್ತ್ ಇನ್ ಆರ್ಡೆನ್ ಎಂಬ ಹಳ್ಳಿಯಲ್ಲಿ ನೆಲಸಿತು. ಈ ತಾಯಿಯೂ ಪಿಯಾನೋದ ಮುಂದೆ ಕುಳಿತು ತಾನೇ ಹಾಡು ಕಟ್ಟುತ್ತಿದ್ದಳು, ಮನೆಯವರ ಮುಂದೆ ಮಾತ್ರ ಹಾಡುತ್ತಿದ್ದಳು. ಅವಳ ಎರಡು ಹಾಡುಗಳು 2007ರ ‘ಫ್ಯಾಮಿಲಿ ಟ್ರೀ’ ಸಂಪುಟದಲ್ಲಿ ಮಗನ ಹಾಡುಗಳೊಡನೆ ಪ್ರಕಟವಾದ ಮೇಲೆ, ಮಗನ ಮಟ್ಟುಗಳ ತವರು ಯಾವುದೆಂಬುದು ಹೊರಗಿನವರಿಗೂ ತಿಳಿಯಿತು. ಆ ಮೆಲುದನಿ, ಇಳಿಮುಖವಾಗಿ ಸರಿಯುವ ಆ ಸ್ವರಸಂಚಾರ, ಎರಡೂ ತಾಯಿಯ ಬಳುವಳಿ.

ಕೇಂಬ್ರಿಜ್ಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದುತ್ತಿದ್ದಾಗಲೇ ಡ್ರೇಕನು ನಿರ್ಮಾಪಕ ಜೋ ಬಾಯ್ಡನ ಕಣ್ಣಿಗೆ ಬಿದ್ದನು. ಮೊದಲ ಸಂಪುಟ ‘ಫೈವ್ ಲೀವ್ಸ್ ಲೆಫ್ಟ್’ 1969ರಲ್ಲಿ ಹೊರಬಂದಿತು. ಅದೇ ವರ್ಷ ಪದವಿಯನ್ನು ಮುಗಿಸದೆಯೇ ಅವನು ವಿಶ್ವವಿದ್ಯಾಲಯವನ್ನು ಬಿಟ್ಟನು. ಇದರಲ್ಲಿನ ‘ರಿವರ್ ಮ್ಯಾನ್’ ಐದೈದು ಮಾತ್ರೆಗಳ ನಡೆಯಲ್ಲಿ ಸಾಗುತ್ತದೆ. ಹರಿಹರನ ಲಲಿತರಗಳೆಯನ್ನು ಓದಿ ಬಲ್ಲ ಕನ್ನಡಿಗನಿಗೆ ಪಂಚಮಾತ್ರಾಗಣದ ಓಟವು ಅಪರಿಚಿತವಲ್ಲ. ಆದರೆ ರಗಳೆಯಲ್ಲಿ ಅದು ಮುನ್ನುಗ್ಗುವ ವೇಗ. ಇಲ್ಲಿ ಹೊಳೆಯ ನೀರು ನಿಂತೂ ಹರಿದಂತಿರುವ ಗಂಭೀರಗತಿ. ಗಿಟಾರು ಐದರ ಲೆಕ್ಕವನ್ನು ತಪ್ಪದೆ ನಡೆಸುತ್ತಿರುವಾಗ, ಕಂಠವು ಮೊದಲ ಪೆಟ್ಟಿನ ಮೇಲೆ ಕಾಲೂರದೆ, ಅನಾಗತಗ್ರಹವನ್ನು ನೆನಪಿಗೆ ತರುವಂತೆ, ಹಿಂದೆಯೇ ತೇಲಿ ಬರುತ್ತದೆ. ಹಾರಿ ರಾಬಿನ್ಸನ್ ಸಂಯೋಜಿಸಿದ ತಂತೀವಾದ್ಯಗಳ ಮೇಳವು ಅದರ ಸುತ್ತ ಮಂಜಿನಂತೆ ಏಳುತ್ತದೆ. ‘ವೇ ಟು ಬ್ಲೂ’ ಹಾಡಿನಲ್ಲಿಯಂತೂ ಗಿಟಾರು ಇಲ್ಲವೇ ಇಲ್ಲ. ಸಹಪಾಠಿ ರಾಬರ್ಟ್ ಕರ್ಬಿ ಬರೆದ ತಂತಿಗಳ ಮೇಳವೊಂದೇ ಕಂಠಕ್ಕೆ ಆಧಾರ. ಇಪ್ಪತ್ತೊಂದರ ಆಸುಪಾಸಿನ ತರುಣನೊಬ್ಬನು ತನ್ನ ಅತ್ಯಂತ ಪ್ರಬಲವಾದ ಸಾಧನವನ್ನು ಹಾಡಿನ ಔಚಿತ್ಯಕ್ಕಾಗಿ ಕೆಳಗಿಟ್ಟನೆಂಬುದು ಅವನ ವಿವೇಕಕ್ಕೆ ಸಾಕ್ಷಿ.

ಎರಡನೆಯದಾದ ‘ಬ್ರೈಟರ್ ಲೇಟರ್’ (1971) ನಗರದ ಸಂಪುಟ. ಡೋಲು, ಕಹಳೆ, ಕೊಳಲುಗಳಿಂದ ತುಂಬಿ, ಲಂಡನ್ನಿನ ಬೀದಿಗಳ ಒಂಟಿತನವನ್ನು ಹಗುರವಾದ ನಡೆಯಲ್ಲಿ ಹೇಳುತ್ತದೆ. ಇದರಲ್ಲಿ ಮಾತಿಲ್ಲದ ಮೂರು ವಾದ್ಯಖಂಡಗಳುಂಟು. ಅವು ಕಿವಿಗೆ ಇಂಪಾದರೂ ಸಂಪುಟದ ಬಂಧವನ್ನು ಸಡಿಲಿಸುತ್ತವೆಯೆಂದು ಒಪ್ಪಬೇಕು. ಮೂರನೆಯ ‘ಪಿಂಕ್ ಮೂನ್’ (1972) ಇದಕ್ಕೆ ಪೂರ್ಣ ವಿರುದ್ಧ. 1971ರ ಅಕ್ಟೋಬರಿನ ಎರಡು ರಾತ್ರಿಗಳಲ್ಲಿ, ಮುದ್ರಣಕಾರ ಜಾನ್ ವುಡ್‌ನೊಬ್ಬನೇ ಜೊತೆಗಿರಲು, ಹನ್ನೊಂದು ಖಂಡಗಳು ಮುಗಿದುವು. ಕಂಠ, ಗಿಟಾರು, ಶೀರ್ಷಿಕೆಯ ಹಾಡಿಗೆ ಮಾತ್ರ ಕೆಲವು ಪಿಯಾನೋ ಸ್ವರಗಳು. ಒಟ್ಟು ಅವಧಿ ಅರ್ಧ ಗಂಟೆಗೂ ಕಡಮೆ. ಅಲಂಕಾರಗಳನ್ನೆಲ್ಲ ಕಳಚಿದ ಮೇಲೆ ಉಳಿಯುವುದೇನೆಂಬ ಪ್ರಶ್ನೆಗೆ ಇದು ಉತ್ತರ.

ಆದರೂ ಈ ಮೂರರಲ್ಲಿ ಒಂದಾದರೂ ಅವನ ಜೀವಿತಕಾಲದಲ್ಲಿ ಐದು ಸಾವಿರ ಪ್ರತಿಗಳನ್ನು ದಾಟಿ ಮಾರಾಟವಾದಂತೆ ಕಾಣುವುದಿಲ್ಲ. ಅವನು ಸಭೆಗೆ ಅಂಜುವ ಸ್ವಭಾವದವನು. ಅವನ ಗಿಟಾರಿನ ಶ್ರುತಿಯು ಹಾಡಿನಿಂದ ಹಾಡಿಗೆ ಬೇರೆಯಾಗುತ್ತಿದ್ದುದರಿಂದ, ವೇದಿಕೆಯ ಮೇಲೆ ಮಾತಿಲ್ಲದೆ ಶ್ರುತಿ ಕೂಡಿಸುತ್ತ ಕಳೆದ ಹೊತ್ತಿನಲ್ಲಿ ಸಭಿಕರ ಗಮನವು ಚದರಿಹೋಗುತ್ತಿತ್ತು. ಕ್ರಮೇಣ ಖಿನ್ನತೆಯ ರೋಗವು ಬಲಿಯಿತು. 1974ರ ನವೆಂಬರ್ 25ರಂದು, 26ನೆಯ ವಯಸ್ಸಿನಲ್ಲಿ, ಹೆತ್ತವರ ಮನೆಯಲ್ಲಿಯೇ ಅವನು ತೀರಿಕೊಂಡನು. ಮರಣವಿಚಾರಣಾಧಿಕಾರಿಯು ಅದನ್ನು ಆತ್ಮಹತ್ಯೆಯೆಂದು ನಿರ್ಣಯಿಸಿದನು. ಆಪ್ತರಲ್ಲಿ ಕೆಲವರು ಆ ನಿರ್ಣಯವನ್ನು ಒಪ್ಪಲಿಲ್ಲ.

ಅಭಿಮಾನಿಗಳ ಕಥೆಯು ಇಲ್ಲಿಂದ ಮೊದಲಾಗುತ್ತದೆ. ಜೋ ಬಾಯ್ಡನು ತನ್ನ ಸಂಸ್ಥೆಯನ್ನು ಐಲೆಂಡ್ ಕಂಪನಿಗೆ ಮಾರುವಾಗ, ಡ್ರೇಕನ ಸಂಪುಟಗಳನ್ನು ಎಂದೂ ಮಾರಾಟದ ಪಟ್ಟಿಯಿಂದ ತೆಗೆಯಕೂಡದೆಂಬ ಷರತ್ತನ್ನು ಹಾಕಿದ್ದನು. ಹೀಗೆ ಸಿಕ್ಕುತ್ತಿದ್ದ ಪ್ರತಿಗಳು ಕೈಯಿಂದ ಕೈಗೆ ಹೋದುವು. 1979ರಲ್ಲಿ ಮೂರೂ ಸಂಪುಟಗಳು ‘ಫ್ರೂಟ್ ಟ್ರೀ’ ಎಂಬ ಹೆಸರಿನಲ್ಲಿ ಒಂದಾಗಿ ಬಂದುವು. ಕೇಳುಗರು ಟ್ಯಾನ್‌ವರ್ತಿನ ಮನೆಯನ್ನು ಹುಡುಕಿಕೊಂಡು ಬರತೊಡಗಿದರು. ವೃದ್ಧ ತಂದೆತಾಯಿಗಳು ಈ ಅಪರಿಚಿತರನ್ನು ಆದರಿಸಿ, ಮಗನ ಕೋಣೆಯನ್ನು ತೋರಿಸಿ, ಅವನು ಮನೆಯಲ್ಲಿ ಹಾಡಿದ ಟೇಪುಗಳ ಪ್ರತಿಗಳನ್ನೂ ಕೊಟ್ಟು ಕಳುಹಿಸುತ್ತಿದ್ದರು. ಗಿಟಾರು ನುಡಿಸಬಲ್ಲವರು ಅವನ ವಿಚಿತ್ರ ಶ್ರುತಿಗಳನ್ನು ಕಿವಿಯಿಂದಲೇ ಬಿಡಿಸಿದರು. ಅವನೇ ಬರೆದಿಟ್ಟ ಲಕ್ಷಣಗ್ರಂಥವಿಲ್ಲ, ವಯಸ್ಕನಾದ ಮೇಲೆ ಅವನು ನುಡಿಸುವುದನ್ನು ತೋರಿಸುವ ಚಲಚ್ಚಿತ್ರದ ಒಂದು ತುಣುಕೂ ಇಲ್ಲ. ತಂತಿಯ ಯಾವ ಕಂಪನವು ಬಿಟ್ಟ ತಂತಿಯದು, ಯಾವುದು ಒತ್ತಿದ ತಂತಿಯದು ಎಂದು ಮತ್ತೆ ಮತ್ತೆ ಕೇಳಿ ನಿರ್ಧರಿಸಬೇಕಾಗಿತ್ತು. ಸವೆದ ಓಲೆಯಲ್ಲಿ ಪಾಠನಿರ್ಣಯ ಮಾಡುವ ಸಂಪಾದಕನ ಶ್ರಮಕ್ಕೆ ಇದು ಕಡಮೆಯದಲ್ಲ. 1999ರಲ್ಲಿ ‘ಪಿಂಕ್ ಮೂನ್’ ಹಾಡು ಅಮೆರಿಕದ ಫೋಕ್ಸ್‌ವ್ಯಾಗನ್ ಮೋಟಾರಿನ ದೂರದರ್ಶನ ಜಾಹೀರಾತಿನಲ್ಲಿ ಕೇಳಿಬಂದು, ಮಾರಾಟವು ಹಲವು ಪಟ್ಟು ಏರಿತು. ಅಪಚಾರವೆಂದು ನೊಂದವರೂ ಇದ್ದರು. ಆದರೆ ಆ ದಾರಿಯಿಂದ ಬಂದ ಹೊಸ ಕೇಳುಗರೂ ಕೇಳಿದ್ದು ಅದೇ ಹಾಡನ್ನು.

ಇಷ್ಟು ಉಪಕಾರ ಮಾಡಿದ ಅಭಿಮಾನವೇ ಇನ್ನೊಂದು ಕಡೆ ಹಾಡಿಗೆ ಅನ್ಯಾಯ ಮಾಡಿದೆ. ಸಾವಿನಿಂದ ಹಿಂದಕ್ಕೆ ಓದುವುದೇ ಆ ಅನ್ಯಾಯ. ಮೊದಲ ಸಂಪುಟದ ‘ಫ್ರೂಟ್ ಟ್ರೀ’ ಎಂಬ ಹಾಡು ಮರಣಾನಂತರದ ಕೀರ್ತಿಯನ್ನು ಕುರಿತದ್ದು. ಅದನ್ನು ಭವಿಷ್ಯವಾಣಿಯೆಂದು ಬಗೆದವರು ಅನೇಕರು. ಆದರೆ ಅದು ಸಾವಿಗೆ ಐದು ವರ್ಷ ಮೊದಲೇ ಪ್ರಕಟವಾದದ್ದು. ಕೀರ್ತಿಯ ಚಂಚಲತೆಯೆಂಬುದು ಇಂಗ್ಲಿಷ್ ಶೋಕಗೀತಗಳ ಸಾಧಾರಣ ವಸ್ತು, ಸಾಹಿತ್ಯದ ವಿದ್ಯಾರ್ಥಿಗೆ ಅಭ್ಯಾಸದಿಂದಲೇ ದೊರೆಯತಕ್ಕದ್ದು. ‘ಬ್ರೈಟರ್ ಲೇಟರ್’ ಸಂಪುಟದ ‘ಪೂರ್ ಬಾಯ್’ ಹಾಡಿನಲ್ಲಿ ನಾಯಕನು ತನಗಾಗಿ ತಾನೇ ಮರುಗುತ್ತಿರಲು, ಹೆಂಗಸರ ಮೇಳವು ಹಿಂದಿನಿಂದ ಅವನನ್ನು ಛೇಡಿಸುತ್ತದೆ. ಕೇವಲ ದುಃಖಿಯಾದವನು ಹೀಗೆ ತನ್ನನ್ನು ತಾನೇ ನಗಲಾರ. ಕತ್ತಲೆಯ ಕೃತಿಯೆಂದು ಹೆಸರಾದ ‘ಪಿಂಕ್ ಮೂನ್’ ಕೂಡ ಮುಗಿಯುವುದು ‘ಫ್ರಮ್ ದ ಮಾರ್ನಿಂಗ್’ ಎಂಬ ಬೆಳಗಿನ ಹಾಡಿನಿಂದ. ಸಂಪುಟದಲ್ಲಿ ನೋವಿಲ್ಲವೆಂದಲ್ಲ. ನೋವು ಹಾಡಾಗುವುದಕ್ಕೆ ಬೇಕಾದ ಸಂಯಮವೂ ಇತ್ತೆಂಬುದನ್ನು ದಂತಕಥೆಯು ಮರೆಸುತ್ತದೆ.

ಕನ್ನಡದಲ್ಲಿಯೂ ಈ ಸಮಸ್ಯೆಗೆ ಸಮಾನವಾದದ್ದುಂಟು. ನಂದಳಿಕೆಯ ಲಕ್ಷ್ಮೀನಾರಣಪ್ಪನು ಮುದ್ದಣನೆಂಬ ಮರೆಯಲ್ಲಿ ಬರೆದು, ಬಡತನದಲ್ಲಿಯೂ ಕ್ಷಯದಲ್ಲಿಯೂ ನವೆದು, 1901ರಲ್ಲಿ ಅಕಾಲಮೃತ್ಯುವಿಗೆ ಈಡಾದನು. ಆ ಕಥೆಯನ್ನು ಕೇಳಿ ಮರುಗದವರಿಲ್ಲ. ಆದರೆ ಮುದ್ದಣನು ಬದುಕಿರುವುದು ಆ ಮರುಕದಲ್ಲಲ್ಲ, ಮನೋರಮೆಯೊಡನೆ ನಡೆಸಿದ ಸರಸಸಲ್ಲಾಪದ ನಗೆಯಲ್ಲಿ. ಡ್ರೇಕನ ವಿಷಯದಲ್ಲಿಯೂ ಅಂತಹ ವಿವೇಕವು ಬೇಕಾಗಿದೆ. ಅವನ ಮಾತುಗಳನ್ನು ಕಾಗದದ ಮೇಲೆ ಬಿಡಿಯಾಗಿಟ್ಟರೆ ಕೆಲವೆಡೆ ತೆಳುವಾಗಿ, ಮಸುಕಾಗಿ ಕಾಣುತ್ತವೆ. ಶ್ರುತಿ ಲಯಗಳೊಡನೆ ಕೂಡಿದಾಗಲೇ ಅವುಗಳಿಗೆ ಧ್ವನಿಶಕ್ತಿಯು ಬರುವುದು. ಮಾತು ಗೇಯಗಳನ್ನು ಬೇರ್ಪಡಿಸಲಾಗದಂತೆ ಹೆಣೆದವನೆಂಬ ಅರ್ಥದಲ್ಲಿ ಅವನು ವಾಗ್ಗೇಯಕಾರನೆಂಬ ಹೆಸರಿಗೆ ಯೋಗ್ಯ.

2025ರಲ್ಲಿ ಮೊದಲ ಸಂಪುಟದ ಸಿದ್ಧತೆಯ ಹಂತಗಳು ನಾಲ್ಕು ಮುದ್ರಿಕೆಗಳಲ್ಲಿ ಪ್ರಕಟವಾಗಿವೆ. ಒಂದೇ ಹಾಡನ್ನು ಹಲವು ಬಗೆಯಾಗಿ ಹಾಡಿ ನೋಡಿ, ಒಪ್ಪದ್ದನ್ನು ಬಿಟ್ಟು, ಒಪ್ಪಿದ್ದನ್ನು ಮತ್ತೆ ತಿದ್ದಿದ ಕುಶಲಕರ್ಮಿಯೊಬ್ಬನು ಅಲ್ಲಿ ಕೇಳಿಬರುತ್ತಾನೆ. ಅವನನ್ನು ಜಗತ್ತಿಗೆ ಉಳಿಸಿಕೊಟ್ಟದ್ದು ಅಭಿಮಾನ. ಅವನ ಕೆಲಸವನ್ನು ಕೆಲಸವೆಂದು ಕೇಳಿ ಬೆಲೆ ಕಟ್ಟುವುದು ಇನ್ನು ಸಹೃದಯರಿಗೆ ಸೇರಿದ್ದು.