ಚಳಿ ಬಂತು, ಬಕೆಟ್ ನೋಡಿ

ಬೆಂಗಳೂರಿನ ಕುದುರೆ ಮಂದಿಗೆ ಚಳಿಗಾಲವೆಂದರೆ ಸುಗ್ಗಿ. ಲಾಯದ ಸುತ್ತ ಕೆಸರಿಲ್ಲ, ನೊಣದ ಕಾಟ ಕಡಿಮೆ, ಬೆಳಗಿನ ಸವಾರಿಗೆ ಕುದುರೆಗಳು ಹುರುಪಿನಿಂದ ಹೊರಡುತ್ತವೆ. ಟರ್ಫ್ ಕ್ಲಬ್ಬಿನ ಚಳಿಗಾಲದ ರೇಸುಗಳೂ ಇದೇ ತಿಂಗಳುಗಳಲ್ಲಿ. ಇಂಥ ದಿನಗಳಲ್ಲಿ ನೀರಿನ ಯೋಚನೆ ಯಾರಿಗೂ ಬರುವುದಿಲ್ಲ. ಬೇಸಿಗೆಯಲ್ಲಿ ಮತ್ತೆ ಮತ್ತೆ ಬಕೆಟ್ ಇಣುಕಿ ನೋಡುವ ಸೈಸ್, ಡಿಸೆಂಬರಿನಲ್ಲಿ ಅದು ತುಂಬಿರುವುದನ್ನು ಕಂಡು ನೆಮ್ಮದಿಯಿಂದ ಮುಂದಕ್ಕೆ ಹೋಗುತ್ತಾನೆ. ನನಗೆ ಭಯ ಹುಟ್ಟಿಸುವುದು ಆ ತುಂಬಿದ ಬಕೆಟ್ಟೇ. ರಾತ್ರಿ ಇಟ್ಟ ನೀರು ಬೆಳಗಿಗೂ ಹಾಗೇ ಇದ್ದರೆ ಕುದುರೆ ಕುಡಿದಿಲ್ಲ ಎಂದೇ ಅರ್ಥ.

500 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 25ರಿಂದ 40 ಲೀಟರ್ ನೀರು ಬೇಕು. ಬೆವರು ಸುರಿಸಿ ದುಡಿದರೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಇದರ ಬಹುಪಾಲು ಮೇವಿನಿಂದಲೇ ಹೊಟ್ಟೆ ಸೇರುತ್ತದೆ, ಯಾಕೆಂದರೆ ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರು. ಸಂಕ್ರಾಂತಿಯ ಹೊತ್ತಿಗೆ ಬಯಲು ಒಣಗಿ, ಒಣಹುಲ್ಲೇ ಗತಿಯಾಗುತ್ತದೆ. ಅದರಲ್ಲಿರುವ ನೀರು ನೂರಕ್ಕೆ 10ರಿಂದ 15ರಷ್ಟು ಮಾತ್ರ. ಚಳಿಗೆ ಬಾಯಾರಿಕೆ ಕುಗ್ಗುವ ಕಾಲದಲ್ಲೇ ಕುಡಿಯಬೇಕಾದ ನೀರು ಹೆಚ್ಚುತ್ತದೆ. ಕೊರತೆಯ ಏಟು ಬೀಳುವುದು ದೊಡ್ಡ ಕರುಳಿಗೆ. ಎಡಬದಿಯಲ್ಲಿ ಹಿಂದಕ್ಕೆ ಹೋದ ಆ ಕರುಳು ಸೊಂಟದ ಬಳಿ ಹಿಮ್ಮುರಿ ತಿರುಗಿ ಮುಂದಕ್ಕೆ ಬರುತ್ತದೆ, ತಿರುಗುವ ಕಡೆಯೇ ಕಿರಿದಾಗುತ್ತದೆ. ನೀರಿಲ್ಲದ ಮೇವು ಅಲ್ಲಿ ಗಟ್ಟಿಯಾಗಿ ಕೂತರೆ ಹೊಟ್ಟೆಶೂಲೆ.

ಹಾಗಾದರೆ ನೀರು ಬಿಸಿ ಮಾಡಿ ಇಡಬೇಕೆ? ಹಿಮ ಬೀಳುವ ದೇಶಗಳಲ್ಲಿ ಹೌದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ರಿಸ್ಟುಲಾ ಮತ್ತು ಮೆಕ್‌ಡೊನೆಲ್ 1990ರ ದಶಕದಲ್ಲಿ ಪೋನಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಮಂಜಿನಂಥ ನೀರಿನ ಬದಲು ಬೆಚ್ಚಗಿನ ನೀರನ್ನಷ್ಟೇ ಇಟ್ಟಾಗ ಅವು ನೂರಕ್ಕೆ ಸುಮಾರು 40ರಷ್ಟು ಹೆಚ್ಚು ಕುಡಿದವು. ಎರಡನ್ನೂ ಒಟ್ಟಿಗೆ ಇಟ್ಟರೆ ತಣ್ಣನೆಯ ನೀರಿಗೇ ಬಾಯಿ ಹಾಕಿದವು! ಇಷ್ಟವಾದದ್ದನ್ನು ಸಾಕಷ್ಟು ಕುಡಿಯುತ್ತದೆ ಎಂಬ ನಂಬಿಕೆಯನ್ನು ಈ ಪ್ರಯೋಗ ಬುಡಮೇಲು ಮಾಡುತ್ತದೆ. ಆದರೆ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 1884ರ ಜನವರಿಯ 7.8 ಡಿಗ್ರಿ. ನಮ್ಮ ನಲ್ಲಿಯ ನೀರು ಕುದುರೆಗೆ ಒಗ್ಗದಷ್ಟು ತಣ್ಣಗಾಗುವುದಿಲ್ಲ. ಒಲೆ ಹೊತ್ತಿಸುವ ಶ್ರಮ ಬಿಟ್ಟು ಉಪ್ಪಿನ ಡಬ್ಬಿ ತೆರೆಯಿರಿ.

ಉಪ್ಪಿನ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕುದುರೆಯ ಬೆವರು ಅದರ ರಕ್ತಕ್ಕಿಂತ ಉಪ್ಪು. ನೀರಿನ ಜೊತೆಗೇ ಉಪ್ಪೂ ಹರಿದುಹೋಗುವುದರಿಂದ ರಕ್ತ ಉಪ್ಪೇರುವುದಿಲ್ಲ, ಬಾಯಾರಿಕೆಯ ಸೂಚನೆ ಮೆದುಳಿಗೆ ತಲುಪುವುದಿಲ್ಲ. ಮೈಯಲ್ಲಿ ನೀರು ಇಳಿದಿದ್ದರೂ ಕುದುರೆ ಬಕೆಟ್ಟಿನ ಕಡೆ ತಿರುಗುವುದಿಲ್ಲ. ದಿನಕ್ಕೆ 25ರಿಂದ 30 ಗ್ರಾಂ ಪುಡಿ ಉಪ್ಪನ್ನು ಎರಡು ಹೊತ್ತಿನ ಮೇವಿಗೆ ಹಂಚಿ ಬೆರೆಸಿದರೆ ಅದು ತಾನಾಗಿ ನೀರು ಹುಡುಕುತ್ತದೆ. ಪಕ್ಕದಲ್ಲಿ ಶುದ್ಧ ನೀರು ಸದಾ ಇರಲೇಬೇಕು. ಗೋಡೆಗೆ ನೇತುಹಾಕುವ ಉಪ್ಪಿನ ಇಟ್ಟಿಗೆಯ ಮೇಲೆ ನನಗೆ ಭರವಸೆಯಿಲ್ಲ. ಅದು ದನದ ಒರಟು ನಾಲಗೆಗೆ ಸರಿ, ಕುದುರೆಯ ನಾಲಗೆ ನುಣುಪು.

ಇನ್ನುಳಿದದ್ದು ಮೇವಿನ ಮೂಲಕವೇ ನೀರು ಕೊಡುವ ದಾರಿ. ಹುರುಳಿ ಬೇಯಿಸಿ ಹಾಕುವ ನಮ್ಮ ಹಳೆಯ ರೂಢಿ ನನಗೆ ಬಹಳ ಇಷ್ಟ. ಬೆಂದ ಕಟ್ಟನ್ನೂ ಚೆಲ್ಲದೆ ಸೇರಿಸಬೇಕು. ಒಣಹುಲ್ಲನ್ನು ಅರ್ಧ ಗಂಟೆ ನೆನೆಸಿದರೆ ನೀರೂ ಸೇರುತ್ತದೆ, ಧೂಳೂ ಅಡಗುತ್ತದೆ. ಕುದುರೆ ಮಸಾಲೆ ಸೊಪ್ಪು ಹಸಿಯಾಗಿ ಸಿಕ್ಕರೆ ಭಾಗ್ಯ. ಆದರೆ ವಾರಕ್ಕೊಂದು ದಿನ ಮಾತ್ರ ಬಿಸಿ ಬೂಸಾ ಕಲಸಿಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಮೇವು ದಿಢೀರನೆ ಬದಲಾದರೆ ಕರುಳಿನ ಸೂಕ್ಷ್ಮಾಣುಗಳು ತಬ್ಬಿಬ್ಬಾಗುತ್ತವೆ. ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಬಹಳ ಹೆಚ್ಚು, ಅತಿಯಾದರೆ ಎಲುಬಿಗೂ ಕೇಡು. ಚಳಿಯೆಂದು ಲಾಯದ ಕಿಟಕಿ ಮುಚ್ಚುವುದೂ ಬೇಡ. ಮೂತ್ರದ ಘಾಟು ಶ್ವಾಸಕೋಶ ಕೆಡಿಸುತ್ತದೆ.

ಲಾಯ ಗುಡಿಸುವ ಮೊದಲು ಲದ್ದಿ ನೋಡಿ. ತೇವವಾದ ಉಂಡೆ ನೆಲಕ್ಕೆ ಬಿದ್ದು ಒಡೆದಿದ್ದರೆ ಸರಿ. ಚಿಕ್ಕದಾಗಿ, ಗಟ್ಟಿಯಾಗಿ, ಲೋಳೆ ಮೆತ್ತಿ ಹೊಳೆಯುತ್ತಿದ್ದರೆ ನೀರು ಸಾಲುತ್ತಿಲ್ಲ. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ, 2 ಸೆಕೆಂಡಿನೊಳಗೆ ಕೆಂಪು ಮರಳಬೇಕು.

ಕುದುರೆ ಮೇವು ಬಿಟ್ಟು, ಪಕ್ಕೆಯ ಕಡೆ ತಿರುತಿರುಗಿ ನೋಡುತ್ತ, ಹೊಟ್ಟೆಗೆ ಒದ್ದುಕೊಳ್ಳತೊಡಗಿದರೆ ಕೂಡಲೇ ಪಶುವೈದ್ಯರಿಗೆ ಹೇಳಿಕಳಿಸಿ. ಅವರು ಬರುವವರೆಗೆ ಮೇವು ತೆಗೆದಿಡಿ. ಬಾಟಲಿಯಿಂದ ಬಾಯಿಗೆ ಎಣ್ಣೆ ಹುಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿದೀತು. ಎಣ್ಣೆಯೋ ನೀರೋ ಬೇಕಾದರೆ ವೈದ್ಯರೇ ಮೂಗಿನ ಮೂಲಕ ಹೊಟ್ಟೆಗೆ ಕೊಳವೆ ಇಳಿಸಿ ಕೊಡುತ್ತಾರೆ. ಕೊನೆಯ ಲದ್ದಿ ಯಾವಾಗ ಹಾಕಿತು, ನಿನ್ನೆಯಿಂದ ಎಷ್ಟು ಬಕೆಟ್ ಕುಡಿಯಿತು ಎಂದು ಅವರು ಕೇಳುತ್ತಾರೆ. ಲಾಯದ ಬಾಗಿಲಿಗೆ ಒಂದು ಹಲಗೆ ತೂಗುಹಾಕಿ, ಇವೆರಡನ್ನೂ ದಿನಾ ಬರೆಯುವಂತೆ ಸೈಸ್‌ಗೆ ಹೇಳಿಡಿ.